ಹೋರಿಗೆ ಹಿಂಡಿ, ಅಜ್ಜನಿಗೆ ಪೌಡರ್

ವಯಸ್ಸಾದಂತೆ ಸ್ನಾಯು ಕರಗುತ್ತದೆ. ಅದನ್ನು ತಡೆಯುವ ಭರವಸೆ ಹೊತ್ತ ಸಸ್ಯಜನ್ಯ ಪ್ರೊಟೀನ್ ಪೌಡರಿನ ಡಬ್ಬಿ ಈಗ ಹಾನಗಲ್ ಸೀಮೆಯ ಪಡಸಾಲೆಗೂ ಬಂದಿದೆ. ಯಾವ ಡಬ್ಬಿ ಒಳ್ಳೆಯದು? ಅದು ಯಾರಿಗೆ ಬೇಕು? ಕೊಳ್ಳುವ ಮೊದಲು ಅಡುಗೆಮನೆಯ ಹಲಗೆಯ ಮೇಲೆ ಏನಿದೆ ನೋಡೋಣ.

ದೀಪಾವಳಿ ಬಂತೆಂದರೆ ಹಾನಗಲ್ ತಾಲೂಕಿನ ಹಳ್ಳಿಗಳಲ್ಲಿ ಹೋರಿಗಳದೇ, ಹೋರಿ ಬೆದರಿಸುವ ಸ್ಪರ್ಧೆಯದೇ ಮಾತು. ಕೊರಳಲ್ಲಿ ಒಣಕೊಬ್ಬರಿಯ ಹಾರ, ಕೋಡಿಗೆ ಬಲೂನು, ರಿಬ್ಬನ್ನು. ಅಖಾಡದ ಎರಡೂ ಬದಿ ಸಿಳ್ಳೆ, ಕೇಕೆ.

ಆದರೆ ಕೊಬ್ಬರಿ ಹೋರಿಯ ನಿಜವಾದ ತಯಾರಿ ನಡೆಯುವುದು ಕೊಟ್ಟಿಗೆಯಲ್ಲಿ. ನಸುಕಿನಲ್ಲೇ ಬಕೆಟ್ಟಿನಲ್ಲಿ ಹುರುಳಿ ನೆನೆದಿರುತ್ತದೆ. ಜೊತೆಗೆ ಹತ್ತಿಕಾಳು, ಗಾಣದಿಂದ ತಂದ ಶೇಂಗಾ ಹಿಂಡಿ. ಮನೆಯ ಹುಡುಗ ತೋಳು ಏರಿಸಿ ಕಲಸುತ್ತಾನೆ, ಹಿಂಡಿಯ ಗಂಟು ಒಡೆಯುತ್ತಾನೆ, ಹೋರಿಯ ಮುಂದಿಡುತ್ತಾನೆ. ತಿಂದ ಹೋರಿಯನ್ನು ಸುಮ್ಮನೆ ಕಟ್ಟಿಹಾಕುವುದಿಲ್ಲ. ಕೆರೆಯಲ್ಲಿ ಈಜಿಸುತ್ತಾರೆ, ಹೊಲದ ದಾರಿಯಲ್ಲಿ ಓಡಿಸುತ್ತಾರೆ.

ಅದೇ ಮನೆಯ ಪಡಸಾಲೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಹೊರಸಿನ ಮೇಲೆ ಕೂತಿದ್ದಾನೆ. ಏಳಬೇಕಾದರೆ ಎರಡೂ ಕೈ ಊರಬೇಕು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಮೊಮ್ಮಗ ಹಬ್ಬಕ್ಕೆ ಬಂದವನು ಚೀಲದಿಂದ ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬಿ ತೆಗೆಯುತ್ತಾನೆ.

‘ಯಜ್ಜಾ, ದಿನಾ ಒಂದ್ ಚಮಚಾ ಇದನ್ನ ಕಲಿಸ್ಕೊಂಡು ಕುಡಿ. ಕಾಲಾಗ ಶಕ್ತಿ ಬರ್ತೈತಿ.’

‘ಏನೈತೋ ತಮ್ಮಾ ಇದರಾಗ?’

‘ಬಟಾಣಿ ಪ್ರೊಟೀನು.’

‘ಬಟಾಣಿ ಹಿಟ್ಟಿಗೆ ಎರಡು ಸಾವಿರ ಕೊಟ್ಟು ಬಂದ್ಯಾ?’

ಹಾನಗಲ್ಲಿರಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರಿರಲಿ, ಮಕ್ಕಳು ಮೊಮ್ಮಕ್ಕಳು ಪಟ್ಟಣಕ್ಕೆ ಹೋಗಿರುವ ಮನೆಗಳಲ್ಲಿ ಈ ಮಾತು ಈಗ ಹೊಸದಲ್ಲ. ಮೊಮ್ಮಗನ ಕಾಳಜಿ ನಿಜವಾದದ್ದು. ಅಜ್ಜನ ಪ್ರಶ್ನೆಯೂ ಸರಿಯಾದದ್ದೇ. ಎರಡಕ್ಕೂ ಉತ್ತರ ಬೇಕು.

ತೊಡೆ ಕರಗುವ ವಯಸ್ಸು

ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಮೈಯ ಸ್ನಾಯು ಶೇ 3ರಿಂದ 8ರಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚು. ಗಾತ್ರಕ್ಕಿಂತ ಬೇಗ ಕುಗ್ಗುವುದು ಬಲ.

ಬಹುಕಾಲ ಇದಕ್ಕೆ ಹೆಸರೇ ಇರಲಿಲ್ಲ. ‘ವಯಸ್ಸಾತು’ ಅಂದರೆ ಮುಗಿಯಿತು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಇದನ್ನು ‘ಸಾರ್ಕೋಪೀನಿಯಾ’ ಎಂದು ಕರೆದರು. 2016ರಲ್ಲಿ ಅಮೆರಿಕದ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸಂಕೇತವೂ ಸಿಕ್ಕಿತು. ಅಂದರೆ ಇದು ಸುಮ್ಮನೆ ಸಹಿಸಬೇಕಾದ ಮುಪ್ಪಲ್ಲ, ಆರೈಕೆ ಮಾಡಬಹುದಾದ ತೊಂದರೆ ಎಂದು ವೈದ್ಯಲೋಕ ಒಪ್ಪಿತು.

ಹಳ್ಳಿಯಲ್ಲಿ ಇದು ಗೊತ್ತಾಗುವ ಬಗೆಯೇ ಬೇರೆ. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತವರು ಗೋಡೆ ಹಿಡಿಯದೆ ಏಳಲಾರರು. ಬಸ್ಸಿನ ಮೊದಲ ಮೆಟ್ಟಿಲು ಎತ್ತರ ಅನ್ನಿಸುತ್ತದೆ. ತುಂಬಿದ ಕೊಡ ಸೊಂಟಕ್ಕೇರುವುದಿಲ್ಲ. ನೆಲದ ಮೇಲೆ ಊಟಕ್ಕೆ ಕೂರುತ್ತಿದ್ದವರು ಕುರ್ಚಿ ಕೇಳುತ್ತಾರೆ. ಆಮೇಲೊಂದು ದಿನ ಕಾಲು ಜಾರುತ್ತದೆ, ತೊಡೆಸಂದಿನ ಎಲುಬು ಮುರಿಯುತ್ತದೆ. ಹಾಸಿಗೆ ಹಿಡಿದರಂತೂ ಇದ್ದಬದ್ದ ಸ್ನಾಯುವೂ ಹೋಗುತ್ತದೆ. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ನೋಡಿದಾಗ ಅವರ ಕಾಲುಗಳಲ್ಲೇ ಸುಮಾರು ಒಂದು ಕೆ.ಜಿ. ಮಾಂಸಖಂಡ ಇಳಿದಿತ್ತು.

ಇನ್ನೊಂದು ತೊಡಕಿದೆ. ಇಪ್ಪತ್ತರ ಹುಡುಗನ ಸ್ನಾಯು ಒಂದು ಹೊತ್ತಿಗೆ 20 ಗ್ರಾಂ ಪ್ರೊಟೀನ್ ಸಿಕ್ಕರೆ ಬೆಳೆಯಲು ಶುರುಮಾಡುತ್ತದೆ. ಎಪ್ಪತ್ತರ ಸ್ನಾಯುವಿಗೆ ಅಷ್ಟು ಸಾಲದು, 30 ಗ್ರಾಂ ಆಸುಪಾಸು ಬೇಕು. ಹೊಟ್ಟೆ ಚಿಕ್ಕದಾಗುವ ವಯಸ್ಸಿನಲ್ಲೇ ಬೇಕಾದ ಪ್ರಮಾಣ ದೊಡ್ಡದಾಗುತ್ತದೆ.

[ಬಾಕ್ಸ್] ಕುರ್ಚಿ, ಗಡಿಯಾರ, ಟೇಪು

ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿ, ಐದು ಸಲ ಎದ್ದು ಕೂರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದರ್ಥ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗೊತ್ತುಮಾಡಿದ ಅಳತೆ ಇದು. ದರ್ಜಿಯ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗವನ್ನು ಸುತ್ತಿ ನೋಡಿ: ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ವೈದ್ಯರಿಗೆ ತೋರಿಸಿ. ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಅಜ್ಜಿಯ ತಟ್ಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ, ಒಳ್ಳೆಯ ಗುಣಮಟ್ಟದ ಪ್ರೊಟೀನಾದರೆ ವಯಸ್ಕರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಸಾಕು. ಕಾಳು-ಧಾನ್ಯವನ್ನೇ ನೆಚ್ಚಿದ ಊಟಕ್ಕೆ ಒಂದು ಗ್ರಾಂ ಎಂದು ಹಿಡಿಯುವುದು ಕ್ಷೇಮ. ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದು ಹಿರಿಯರ ಪೋಷಣೆ ಕುರಿತ ಅಂತರರಾಷ್ಟ್ರೀಯ ತಜ್ಞರ ತಂಡ 2013ರಲ್ಲಿ ಶಿಫಾರಸು ಮಾಡಿತು. 50 ಕೆ.ಜಿ. ತೂಕದ ಅಜ್ಜಿಗೆ ದಿನಕ್ಕೆ 50ರಿಂದ 60 ಗ್ರಾಂ ಆಯಿತು.

ಈಗ ಅವಳ ದಿನ ನೋಡಿ. ಬೆಳಿಗ್ಗೆ ಒಂದು ಹಿಡಿ ಅವಲಕ್ಕಿ, ಅದರಲ್ಲಿ 3 ಗ್ರಾಂ. ಎರಡು ಸಲ ಚಹಾದ ಹಾಲಿನಲ್ಲಿ ಇನ್ನು ಮೂರು. ಮಧ್ಯಾಹ್ನ ಒಂದು ಜೋಳದ ರೊಟ್ಟಿಯಲ್ಲಿ 5, ದೊಡ್ಡ ಬಟ್ಟಲು ಅನ್ನದಲ್ಲಿ 5, ತಿಳಿ ಸಾರಿನಲ್ಲಿ ಹೆಚ್ಚೆಂದರೆ 3. ರಾತ್ರಿ ‘ಹಸಿವಿಲ್ಲ’ ಎಂದು ಅನ್ನ, ಹಾಲು ಕಲಸಿ ಉಂಡರೆ 8. ಎಲ್ಲ ಕೂಡಿಸಿದರೂ ಮೂವತ್ತು ಗ್ರಾಂ ಆಗುವುದಿಲ್ಲ. ಅರ್ಧಕ್ಕೆ ಅರ್ಧ ಕೊರತೆ.

ಇದರ ಮೇಲೆ ಸೋಮವಾರದ ಒಪ್ಪತ್ತು, ಶ್ರಾವಣದ ಉಪವಾಸ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಬೇರೆ. ಪಲ್ಯದ ಬೋಗುಣಿಯಲ್ಲಿ ಕಾಳು ಖಾಲಿಯಾಗಿ ರಸ ಉಳಿದಾಗ ಅವಳು ತಟ್ಟೆ ಹಾಕಿಕೊಳ್ಳುತ್ತಾಳೆ. ಮನೆಯ ಪ್ರೊಟೀನ್ ಹಂಚಿಕೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಕಾದವಳಿಗೇ ಎಲ್ಲರಿಗಿಂತ ಕಡಿಮೆ ಸಿಗುತ್ತದೆ. ಯಾವ ಡಬ್ಬಿಯೂ ಈ ಅನ್ಯಾಯವನ್ನು ತಾನಾಗಿ ಸರಿಪಡಿಸದು. ಅಜ್ಜಿಗೆ ಮೊದಲ ಪಂಕ್ತಿಯಲ್ಲಿ ಬಡಿಸಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಿದ್ದರೆ ಇದನ್ನು ಇಟ್ಟುಕೊಳ್ಳಿ.

‘ಕಾಳು ತಿಂದ್ರ ವಾಯು ಆಕ್ಕೈತಿ’ ಎಂದು ಬೇಳೆಕಾಳು ಬಿಟ್ಟವರೂ ಬಹಳ. ಅವರ ತೊಂದರೆ ಸುಳ್ಳಲ್ಲ, ಕಾಳಿನ ಕೆಲವು ಸಕ್ಕರೆಗಳು ಕರುಳಿನಲ್ಲಿ ಹುದುಗಿ ಗಾಳಿಯಾಗುತ್ತವೆ. ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಮೆತ್ತಗೆ ಬೇಯಿಸಿ, ಇಂಗು-ಶುಂಠಿ ಹಾಕಿದರೆ ಬಹುಪಾಲು ಕಡಿಮೆಯಾಗುತ್ತದೆ. ಮೊದಲ ವಾರ ಎರಡು ಚಮಚ, ಆಮೇಲೆ ಒಂದು ಬಟ್ಟಲು. ಹಲ್ಲಿಲ್ಲದವರಿಗೆ ಹೆಸರುಕಾಳನ್ನು ಕಡೆದು ಕೊಡಬಹುದು. ಜುಣಕ ಇನ್ನೂ ಮೆತ್ತಗೆ.

ಹಿಂಡಿ ಡಬ್ಬಿಯ ಒಳಗೆ

ಈ ಸೀಮೆಯ ಅಡುಗೆಮನೆಯಲ್ಲಿ ಸಸ್ಯಜನ್ಯ ಪ್ರೊಟೀನ್ ಪುಡಿಗೆ ಕೊರತೆಯೇ ಇಲ್ಲ. ಶೇಂಗಾ ಹಿಂಡಿ, ಪುಟಾಣಿ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ರೊಟ್ಟಿಯ ಪಕ್ಕ ಒಂದು ಚಮಚ ಹಾಕಿ, ಮೇಲೆ ಎಣ್ಣೆಯನ್ನೋ ಮೊಸರನ್ನೋ ಬಿಟ್ಟುಕೊಂಡು ತಿನ್ನುವ ಇವೆಲ್ಲ ಖಾರ, ಬೆಳ್ಳುಳ್ಳಿ, ಉಪ್ಪು ಬೆರೆತ ಕಾಳಿನ ಪುಡಿಗಳೇ.

ಜೋಳದ ರೊಟ್ಟಿಗೆ ಕಾಳಿನ ಪಲ್ಯ ಸೇರಿಸಿದ್ದು ಬರೀ ರುಚಿಗೆಂದು ತಿಳಿಯಬೇಡಿ. ಪ್ರೊಟೀನ್ ಎಂಬುದು ಅಮೈನೋ ಆಮ್ಲಗಳ ಸರಪಳಿ. ಅವುಗಳಲ್ಲಿ ಒಂಬತ್ತನ್ನು ಮೈ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಜೋಳದಲ್ಲಿ ಲೈಸಿನ್ ಕಡಿಮೆ. ಕಾಳುಗಳಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ಕಡಿಮೆ. ಜೋಡೆತ್ತಿನ ಹಾಗೆ ಒಂದರ ಕುಂದನ್ನು ಇನ್ನೊಂದು ಎಳೆದುಕೊಂಡು ಹೋಗುತ್ತದೆ.

ಜೋಳದಲ್ಲಿ ಹೇರಳವಾಗಿರುವುದು ಲ್ಯೂಸಿನ್. ಅದರದೊಂದು ಕುತೂಹಲದ ಕಥೆ. ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರಾ ಎಂಬ, ಚರ್ಮವನ್ನೂ ಕೆಡಿಸುವ ಪೋಷಣೆಯ ಕೊರತೆಯ ರೋಗ ಕಾಣುತ್ತಿತ್ತು. ಅದಕ್ಕೆ ಜೋಳದ ಅತಿಯಾದ ಲ್ಯೂಸಿನ್ ಕಾರಣವಿರಬಹುದು ಎಂದು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಬರೆದರು. ಇಂದು ಅದೇ ಲ್ಯೂಸಿನ್ ಪ್ರೊಟೀನ್ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುತ್ತಿದೆ. ಸ್ನಾಯುಕೋಶಕ್ಕೆ ‘ಕಟ್ಟಲು ಶುರುಮಾಡು’ ಎಂದು ಸೂಚನೆ ಕೊಡುವ ಅಮೈನೋ ಆಮ್ಲ ಅದು. ಹಿರಿಯರಿಗೆ ಒಂದು ಹೊತ್ತಿಗೆ ಎರಡೂವರೆಯಿಂದ ಮೂರು ಗ್ರಾಂ ಲ್ಯೂಸಿನ್ ಬೇಕು ಎನ್ನುತ್ತಾರೆ.

[ಬಾಕ್ಸ್] ನೂರು ಗ್ರಾಮಿನಲ್ಲಿ ಎಷ್ಟು?

ಜೋಳ 10 ಗ್ರಾಂ, ಅಕ್ಕಿ 8, ರಾಗಿ 7. ಶೇಂಗಾ 24. ಕಡಲೆಬೇಳೆ, ಹುರುಳಿ, ಹೆಸರುಕಾಳು ತಲಾ 22ರ ಆಸುಪಾಸು. ಅಗಸಿ, ಗುರೆಳ್ಳು ತಲಾ 19. ಸೋಯಾ ಕಾಳು 36ರಿಂದ 38. ಅಂಗಡಿಯ ಸೋಯಾ ಚಂಕ್ಸ್ 50ರ ಮೇಲೆ. ಒಳ್ಳೆಯ ಬಟಾಣಿ ಐಸೊಲೇಟ್, ಅಂದರೆ ಬೇರ್ಪಡಿಸಿದ ಪ್ರೊಟೀನ್ ಪುಡಿ, 80. ಇವೆಲ್ಲ ಒಣ ತೂಕದ ಲೆಕ್ಕ. ಬೆಂದ ಮೇಲೆ ನೀರು ಕುಡಿದು ತೂಕ ಹೆಚ್ಚುವುದರಿಂದ ಅಳತೆ ಒಲೆಗೆ ಇಡುವ ಮೊದಲೇ ಆಗಲಿ.

ಅಜ್ಜಿಯ ಕೊರತೆ ತುಂಬಲು ಏನು ಬೇಕು? ಒಣತೂಕದಲ್ಲಿ 40 ಗ್ರಾಂ ಮೊಳಕೆಕಾಳಿನ ಪಲ್ಯದಿಂದ 9 ಗ್ರಾಂ. ಎರಡು ದೊಡ್ಡ ಚಮಚ ಶೇಂಗಾ ಹಿಂಡಿಯಿಂದ 4. ಸಂಜೆ ಒಂದು ಹಿಡಿ ಪುಟಾಣಿಯಿಂದ 6. ಒಂದು ಬಟ್ಟಲು ಮೊಸರಿನಿಂದ 5. ಸಾರಿನ ಬದಲು ಗಟ್ಟಿ ಬೇಳೆಯಾದರೆ ಇನ್ನೊಂದು 6. ಮೂವತ್ತಕ್ಕೆ ಇಷ್ಟು ಸೇರಿದರೆ ಅರವತ್ತರ ಹತ್ತಿರ ಬಂತು. ಡಬ್ಬಿಯ ಮುಚ್ಚಳ ಇನ್ನೂ ತೆಗೆದೇ ಇಲ್ಲ.

ಶೇಂಗಾದ ಬಗ್ಗೆ ಒಂದು ಎಚ್ಚರಿಕೆ. ಮಳೆಗೆ ಸಿಕ್ಕ, ಸರಿಯಾಗಿ ಒಣಗದ ಕಾಯಿಗೆ ಬೂಸ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಲಿವರ್ ಕ್ಯಾನ್ಸರಿಗೆ ದಾರಿ. ಹುರಿದರೂ ಪೂರ್ತಿ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಬ್ರೆಜಿಲ್ಲಿನಿಂದ ಬಂದ ಬೂಸ್ಟು ಹಿಡಿದ ಶೇಂಗಾ ಹಿಂಡಿ ಅದಕ್ಕೆ ಕಾರಣವಾಗಿತ್ತು, ಈ ವಿಷದ ಪರಿಚಯ ಆದದ್ದೇ ಆಗ. ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನುವಷ್ಟು ಒಣಗಿದ ಕಾಯಿ ಬಳಸಿ. ಮುರುಟಿದ, ಕಪ್ಪಾದ, ಕಹಿ ಬೀಜವನ್ನು ಆರಿಸಿ ಬಿಸಾಡಿ. ದನಕ್ಕೂ ಹಾಕಬೇಡಿ, ವಿಷ ಹಾಲಿಗೆ ಬರುತ್ತದೆ.

ಮೈಸೂರಿನಲ್ಲಿ ಹುಟ್ಟಿದ ಪುಡಿ

ಸಸ್ಯಗಳಿಂದ ಪ್ರೊಟೀನ್ ಪುಡಿ ಮಾಡುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ, ಅಂದರೆ ಸಿಎಫ್‌ಟಿಆರ್‌ಐನ, ಮೊದಲ ದೊಡ್ಡ ಕೆಲಸಗಳಲ್ಲಿ ಇದೂ ಒಂದು.

ಅದಕ್ಕೂ ಮೊದಲು ಲಾಸ್ ಏಂಜಲಿಸಿನಲ್ಲಿ ಕ್ಲಿಫರ್ಡ್ ಕ್ಲಿಂಟನ್ ಎಂಬ ಹೋಟೆಲ್ ಮಾಲೀಕರು ಹಸಿದವರಿಗೆ ಅಗ್ಗದ ಊಟ ಕೊಡಬೇಕೆಂದು ಪಣ ತೊಟ್ಟಿದ್ದರು. ಅವರ ಕೋರಿಕೆಯಂತೆ ಜೀವರಸಾಯನ ವಿಜ್ಞಾನಿ ಹೆನ್ರಿ ಬೋರ್ಸೂಕ್ 1940ರ ದಶಕದಲ್ಲಿ ಸೋಯಾದಿಂದ ‘ಮಲ್ಟಿಪರ್ಪಸ್ ಫುಡ್’ ಎಂಬ ಪುಡಿ ತಯಾರಿಸಿದರು. ನಮ್ಮಲ್ಲಿ ಆಗ ಸೋಯಾ ಎಲ್ಲಿತ್ತು? ವಿ. ಸುಬ್ರಹ್ಮಣ್ಯನ್ ನಿರ್ದೇಶಕರಾಗಿದ್ದಾಗ ಮೈಸೂರಿನ ವಿಜ್ಞಾನಿಗಳು ನಮ್ಮ ನೆಲದ ಬೆಳೆಗಳನ್ನೇ ಹಿಡಿದರು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು, ಮೇಲೆ ಜೀವಸತ್ವ ಮತ್ತು ಸುಣ್ಣದಂಶ. ನೂರಕ್ಕೆ ನಲವತ್ತರಷ್ಟು ಪ್ರೊಟೀನ್ ಇದ್ದ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಹೀಗೆ ಬಂತು. ಹೋರಿಯ ಬಕೆಟ್ಟಿಗೆ ಬೀಳುವ ಶೇಂಗಾ ಹಿಂಡಿಯ ಶುಚಿಯಾದ, ಮನುಷ್ಯರಿಗೆ ತಕ್ಕ ರೂಪ ಅದು.

ಆ ಪುಡಿ ಮಕ್ಕಳಿಗಾಗಿ ಮಾಡಿದ್ದು. ಜಗತ್ತಿನ ಬಡಮಕ್ಕಳಿಗೆಲ್ಲ ಪ್ರೊಟೀನ್ ಕೊರತೆಯೇ ರೋಗ ಎಂದು ಆಗ ನಂಬಿದ್ದರು. ಗೋಪಾಲನ್ ಮತ್ತು ಪಿ.ವಿ. ಸುಖಾತ್ಮೆಯಂಥವರು ಬೇರೆಯೇ ಹೇಳಿದರು: ಮೊದಲ ಕೊರತೆ ಹೊಟ್ಟೆ ತುಂಬ ಊಟದ್ದು. ಊಟವೇ ಸಾಲದಿದ್ದರೆ ಮೈ ಪ್ರೊಟೀನನ್ನೂ ಸೌದೆಯಂತೆ ಸುಟ್ಟುಬಿಡುತ್ತದೆ, ಕಟ್ಟುವುದಕ್ಕೆ ಉಳಿಸುವುದಿಲ್ಲ. ಮಕ್ಕಳ ವಿಷಯದಲ್ಲಿ ಕಲಿತ ಈ ಪಾಠ ಹಿರಿಯರಿಗೂ ಅಕ್ಷರಶಃ ಅನ್ವಯ. ಪೌಡರ್ ಕುಡಿದು ‘ಹೊಟ್ಟಿ ತುಂಬೇತಿ’ ಎಂದು ರೊಟ್ಟಿ ಬಿಟ್ಟರೆ ಪೌಡರಿನ ದುಡ್ಡು ದಂಡ.

ಕೆಲಸವಿಲ್ಲದೆ ಕಟ್ಟುವುದಿಲ್ಲ

ಹಾನಗಲ್ಲನ್ನು ಜನ ವಿರಾಟನಗರಿ ಎಂದು ಹೇಳಿಕೊಂಡು ಬಂದಿದ್ದಾರೆ. ಅಜ್ಞಾತವಾಸದಲ್ಲಿ ಭೀಮ ವಲಲನಾಗಿ ಸೌಟು ಹಿಡಿದದ್ದು, ಕೀಚಕನನ್ನು ಮಲ್ಲಯುದ್ಧದಲ್ಲಿ ಮುರಿದದ್ದು ಇಲ್ಲೇ ಎಂಬ ನಂಬಿಕೆ. ಅಡುಗೆಮನೆ ಮತ್ತು ಗರಡಿಮನೆ ಎರಡನ್ನೂ ಒಬ್ಬನೇ ಆಳಿದ ಕಥೆಯ ಊರಿನಲ್ಲಿ, ಬರೀ ಊಟದಿಂದ ಸ್ನಾಯು ಕಟ್ಟುವುದಿಲ್ಲ, ಕೆಲಸವೂ ಬೇಕು ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ವಿಜ್ಞಾನದ ಸಾಕ್ಷಿ ಇದೆ, ಅದು ಬಹಳ ಗಟ್ಟಿ ಸಾಕ್ಷಿ.

1994ರಲ್ಲಿ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದ ನೂರು ಮಂದಿಯ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಸರಾಸರಿ ವಯಸ್ಸು 87. ಕೆಲವರಿಗೆ ಹತ್ತು ವಾರ ಕಾಲಿಗೆ ಭಾರ ಎತ್ತುವ ವ್ಯಾಯಾಮ. ಕೆಲವರಿಗೆ ದಿನಾ ಸೋಯಾ ಪ್ರೊಟೀನ್ ಬೆರೆಸಿದ ಪೌಷ್ಟಿಕ ಪಾನೀಯ. ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಕಾಲಿನ ಬಲ ಇಮ್ಮಡಿಗೂ ಮೀರಿತು. ಮಾಡದವರ ಬಲ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಬರೀ ಪಾನೀಯ ಕುಡಿದವರಿಗೆ ಬಲ ಬರಲೇ ಇಲ್ಲ.

ಎಂಬತ್ತೇಳರಲ್ಲೂ ಸ್ನಾಯು ಕಟ್ಟಬಹುದು, ಆದರೆ ಕುಡಿದು ಕೂತರೆ ಆಗದು. ಡಬ್ಬಿ ಮಾರುವವರು ಹೇಳದೆ ಬಿಡುವ ಮಾತು ಇದೇ.

ಕೆಲಸ ಎಂದರೆ ಜಿಮ್ ಅಲ್ಲ. ಹೊರಸಿನ ಬದಲು ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ದಿನಕ್ಕೆ ಎರಡು ಸರದಿ. ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು ಹೆಗಲ ತನಕ ಎತ್ತುವುದು. ಹಗುರ ಅನ್ನಿಸಿದ ದಿನ ಭಾರ ಹೆಚ್ಚಿಸಬೇಕು, ಗುಟ್ಟು ಇರುವುದು ಅಲ್ಲೇ. ಅರವತ್ತೈದರ ಮೇಲಿನವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹೊಲ ಮಾಡುತ್ತಿದ್ದಾಗ ಇದೆಲ್ಲ ತಾನಾಗಿ ನಡೆಯುತ್ತಿತ್ತು. ಮಗನ ಕೈಗೆ ನೇಗಿಲು ಕೊಟ್ಟು ಕಟ್ಟೆಯ ಮೇಲೆ ಕೂತ ವರ್ಷದಿಂದ ತೊಡೆ ಬೇಗ ಕರಗುವುದು ಶುರು.

ಹಾಗಾದರೆ ಡಬ್ಬಿ ಯಾರಿಗೆ?

ಹಸಿವೇ ಸತ್ತವರಿಗೆ. ಹಲ್ಲು ಉದುರಿ ಕಾಳು ಅಗಿಯಲಾಗದವರಿಗೆ. ಆಪರೇಷನ್, ಎಲುಬು ಮುರಿತ, ದೀರ್ಘ ಜ್ವರ, ಕ್ಯಾನ್ಸರ್ ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ. ಹಾಲು ಅರಗದೆ, ಮೊಟ್ಟೆ ತಿನ್ನದೆ, ಬರೀ ಸಸ್ಯಾಹಾರದಲ್ಲಿ 50 ಗ್ರಾಂ ಮುಟ್ಟಲಾಗದವರಿಗೆ. ಇವರಿಗೆಲ್ಲ ಚಿಕ್ಕ ಲೋಟದಲ್ಲಿ 25 ಗ್ರಾಂ ಪ್ರೊಟೀನ್ ಒಳಗೆ ಹೋಗುವುದು ದೊಡ್ಡ ಉಪಕಾರವೇ. ಮನೆಯ ಪುಡಿಗೆ ಆ ಸಾಂದ್ರತೆ ಬರುವುದಿಲ್ಲ. ಪುಟಾಣಿ ಅರ್ಧ ಕೆ.ಜಿ., ಹುರಿದ ಶೇಂಗಾ ಕಾಲು, ಚೆನ್ನಾಗಿ ಹುರಿದ ಸೋಯಾ ಕಾಲು ಸೇರಿಸಿ ಬೀಸಿದರೂ ನೂರಕ್ಕೆ 26 ಗ್ರಾಂ. ಐವತ್ತು ಗ್ರಾಂ ಕಲಸಿಕೊಂಡರೆ 13. ಉಣ್ಣಬಲ್ಲವರಿಗೆ ಅದು ಅಮೃತ, ಉಣ್ಣಲಾರದವರಿಗೆ ಭಾರ.

ಉಳಿದವರಿಗೆ? ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ನೇರವಾಗಿಯೇ ಹೇಳಿದೆ: ಮೈ ಬೆಳೆಸಲೆಂದು ಪ್ರೊಟೀನ್ ಪೂರಕಗಳ ಮೊರೆ ಹೋಗಬೇಡಿ. ಹಲವು ಪೌಡರುಗಳಲ್ಲಿ ಸಕ್ಕರೆ, ಕೃತಕ ಸಿಹಿ, ಸುವಾಸನೆ ಸೇರಿರುತ್ತವೆ, ನಿತ್ಯ ಬಳಕೆಗೆ ತಕ್ಕುದಲ್ಲ ಎಂಬುದು ಅದರ ಕಾರಣ.

ಅದೇ ವರ್ಷ ಕೇರಳದ ಲಿವರ್ ವೈದ್ಯ ಸಿರಿಯಾಕ್ ಅಬಿ ಫಿಲಿಪ್ಸ್ ಮತ್ತು ಸಂಗಡಿಗರು ಭಾರತದ ಮಾರುಕಟ್ಟೆಯ 36 ಪ್ರೊಟೀನ್ ಪೂರಕಗಳನ್ನು ಪರೀಕ್ಷೆಗೆ ಹಾಕಿದರು. ಸುಮಾರು ಶೇ 70ರಷ್ಟರಲ್ಲಿ ಪ್ರೊಟೀನಿನ ಪ್ರಮಾಣ ಲೇಬಲ್ಲಿನಂತೆ ಇರಲಿಲ್ಲ, ಕೆಲವದರಲ್ಲಿ ಬರೆದದ್ದರ ಅರ್ಧವಷ್ಟೇ ಇತ್ತು. ಶೇ 14ರಲ್ಲಿ ಅಫ್ಲಾಟಾಕ್ಸಿನ್, ಶೇ 8ರಲ್ಲಿ ಕೀಟನಾಶಕದ ಅಂಶ. ಸಸ್ಯಜನ್ಯ ಪೌಡರಿಗೆ ಇನ್ನೊಂದು ಕುತ್ತೂ ಇದೆ. ಗಿಡ ಮಣ್ಣಿನಿಂದ ಸೀಸದಂಥ ಲೋಹ ಹೀರುತ್ತದೆ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 23 ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಸಸ್ಯಮೂಲದವುಗಳಲ್ಲಿ ಸೀಸದ ಪ್ರಮಾಣ ಹಾಲಿನ ಮೂಲದವುಗಳಿಗಿಂತ ಸರಾಸರಿ ಒಂಬತ್ತು ಪಟ್ಟು ಇತ್ತು. ‘ಗಿಡದ್ದು, ಹಾಗಾಗಿ ನಿರಪಾಯ’ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಡಬ್ಬಿಯ ಬೆನ್ನು ಓದಿ

ಮುಂಭಾಗದ ಚಿತ್ರ ಬಿಡಿ, ಹಿಂದೆ ತಿರುಗಿಸಿ. ನೂರು ಗ್ರಾಮಿನಲ್ಲಿ ಪ್ರೊಟೀನ್ ಎಷ್ಟು ಎಂಬ ಸಾಲು ಮೊದಲು ನೋಡಬೇಕಾದದ್ದು. 70–80 ಗ್ರಾಂ ಇದ್ದರೆ ಅದು ಪ್ರೊಟೀನ್ ಪೌಡರ್. ಇಪ್ಪತ್ತು ಮೂವತ್ತು ಇದ್ದರೆ ನಿಮ್ಮ ಹಿಂಡಿ ಡಬ್ಬಿಯೇ ಅದಕ್ಕೆ ಸಮ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮಾಲ್ಟೊಡೆಕ್ಸ್‌ಟ್ರಿನ್ ಅಥವಾ ಸಕ್ಕರೆಯಾಗಿದ್ದರೆ, ಅದರಲ್ಲೂ ಮನೆಯಲ್ಲಿ ಶುಗರ್ ಇದ್ದವರಿದ್ದರೆ, ಡಬ್ಬಿಯನ್ನು ವಾಪಸು ಇಡಿ.

ಯಾವ ಕಾಳಿನದು? ಸೋಯಾ ಅಥವಾ ಹಳದಿ ಬಟಾಣಿಯದು ಮೊದಲ ಆಯ್ಕೆ. ಸೋಯಾದ ಅಮೈನೋ ಆಮ್ಲಗಳ ಹೊಂದಾಣಿಕೆ ಸಸ್ಯಗಳಲ್ಲೇ ಮೇಲ್ಮಟ್ಟದ್ದು. ಬಟಾಣಿಯಲ್ಲಿ ಮೆಥಿಯೊನಿನ್ ಸ್ವಲ್ಪ ಕಡಿಮೆ. ಅದಕ್ಕೇ ಬಟಾಣಿ-ಅಕ್ಕಿ ಬೆರಕೆ ಒಳ್ಳೆಯದು, ರೊಟ್ಟಿ-ಕಾಳಿನ ನ್ಯಾಯವೇ ಅಲ್ಲೂ. ಬರೀ ಅಕ್ಕಿ ಪ್ರೊಟೀನ್ ಬೇಡ, ಲೈಸಿನ್ ಸಾಲದು. ಬಟಾಣಿ, ಸೋಯಾ ಎರಡರಲ್ಲೂ 25 ಗ್ರಾಂ ಪ್ರೊಟೀನಿಗೆ ಎರಡು ಗ್ರಾಂ ಆಸುಪಾಸು ಲ್ಯೂಸಿನ್. ಹಾಲಿನ ವೇ ಪ್ರೊಟೀನಿನಲ್ಲಿ ಇದಕ್ಕಿಂತ ಹೆಚ್ಚು. ಆದ್ದರಿಂದ ಸಸ್ಯಜನ್ಯ ಪುಡಿಯನ್ನು ನೀರಿನಲ್ಲಿ ಬರಿದೇ ಕುಡಿಯದೆ ಊಟದ ಜೊತೆ ತೆಗೆದುಕೊಳ್ಳುವುದು ಜಾಣತನ. ಹಾಲು ಒಗ್ಗುವವರು ಹಾಲಿನಲ್ಲೇ ಕಲಸಲಿ. ಒಗ್ಗದವರು ಜೋಳದ ಅಂಬಲಿಗೆ ಹಾಕಲಿ. ಪ್ರೊಟೀನ್ ಅತಿ ಕಡಿಮೆ ಇರುವುದು ಬೆಳಗಿನ ತಿಂಡಿಯಲ್ಲಿ, ಪೌಡರಿಗೆ ತಕ್ಕ ಹೊತ್ತೂ ಅದೇ.

ಉಪ್ಪಿನ ಸಾಲನ್ನು ಬಿಡಬೇಡಿ. ಬಟಾಣಿ ಹಿಟ್ಟನ್ನು ಕ್ಷಾರದ ನೀರಿನಲ್ಲಿ ಕರಗಿಸಿ, ಆಮ್ಲ ಹಾಕಿ ಪ್ರೊಟೀನ್ ಬೇರ್ಪಡಿಸಿ, ಮತ್ತೆ ಕ್ಷಾರದಿಂದ ಸಮ ಮಾಡಿ ಒಣಗಿಸುತ್ತಾರೆ. ಅಲ್ಲಿ ಸೋಡಿಯಂ ಸೇರುತ್ತದೆ. ಬಿ.ಪಿ. ಇದ್ದವರಿಗೆ ಇದು ಮುಖ್ಯ. ಚಾಕೊಲೇಟ್ ರುಚಿಯದಕ್ಕಿಂತ ಏನೂ ಬೆರೆಸದ ಸಾದಾ ಪುಡಿ ಮೇಲು, ಕೊಕೊ ಜೊತೆಗೂ ಭಾರಲೋಹ ಬರುತ್ತದೆ. ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳ ಸಂಖ್ಯೆ ಇರಲೇಬೇಕು. ಆದರೆ ಅದು ಪ್ರತಿ ಡಬ್ಬಿಯ ಪರೀಕ್ಷೆಯ ಖಾತರಿಯಲ್ಲ. ಬ್ಯಾಚ್‌ವಾರು ಸೀಸ, ಕ್ಯಾಡ್ಮಿಯಂ ಪರೀಕ್ಷೆಯ ಫಲಿತಾಂಶವನ್ನು ಹೊರಗಿನ ಪ್ರಯೋಗಾಲಯದಿಂದ ಮಾಡಿಸಿ ಪ್ರಕಟಿಸುವ ಕಂಪನಿಯದನ್ನೇ ಆರಿಸಿ. ಕೇಳಿದರೂ ಕೊಡದ ಕಂಪನಿ ಬೇಡ.

[ಬಾಕ್ಸ್] ದುಡ್ಡಿನ ಲೆಕ್ಕ

ಡಬ್ಬಿಯ ಬೆಲೆಯನ್ನು ಅದರಲ್ಲಿರುವ ಒಟ್ಟು ಪ್ರೊಟೀನಿನಿಂದ ಭಾಗಿಸಿ. ಒಂದು ಕೆ.ಜಿ.ಗೆ 2,000 ರೂಪಾಯಿ, ಪ್ರೊಟೀನ್ ಶೇ 80 ಎಂದಿಟ್ಟುಕೊಂಡರೆ 25 ಗ್ರಾಂ ಪ್ರೊಟೀನಿಗೆ ಸುಮಾರು 62 ರೂಪಾಯಿ. ಕೆ.ಜಿ.ಗೆ 150 ರೂಪಾಯಿಯ ಸೋಯಾ ಚಂಕ್ಸ್ ತಂದರೆ ಅಷ್ಟೇ ಪ್ರೊಟೀನಿಗೆ ಏಳೆಂಟು ರೂಪಾಯಿ. ಅದೂ ಎಣ್ಣೆ ತೆಗೆದ ಸೋಯಾ ಹಿಟ್ಟೇ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಸಣ್ಣಗೆ ಹೆಚ್ಚಿ ಪಲ್ಯಕ್ಕೋ ಉಪ್ಪಿಟ್ಟಿಗೋ ಹಾಕಿದರೆ ಹಲ್ಲಿಲ್ಲದವರೂ ತಿನ್ನುತ್ತಾರೆ.

ಸೋಯಾ ವಿಷಯ ಬಂದಾಗ ಒಂದು ಬೇಸರ ಹೇಳಲೇಬೇಕು. ಹಾವೇರಿ ಜಿಲ್ಲೆಯ ರೈತರು ಸೋಯಾ ಬೆಳೆಯುತ್ತಾರೆ. ತುಕ್ಕು ರೋಗ ತಡೆಯುವ ಡಿಎಸ್‌ಬಿ-21 ತಳಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ಕೊಟ್ಟಿದೆ. ಬೆಳೆದದ್ದು ಮಾತ್ರ ಎಣ್ಣೆ ಗಿರಣಿಗೆ, ಅಲ್ಲಿಂದ ಅದರ ಹಿಂಡಿ ಕೋಳಿ ಆಹಾರಕ್ಕೆ ಹೋಗುತ್ತದೆ. ಬೆಳೆದ ಮನೆಯ ತಟ್ಟೆಗೆ ಅದು ಬರುವುದೇ ಅಪರೂಪ. ಹಸಿ ಸೋಯಾದಲ್ಲಿ ಪ್ರೊಟೀನ್ ಅರಗದಂತೆ ತಡೆಯುವ ಅಂಶ ಇರುವುದರಿಂದ ಚೆನ್ನಾಗಿ ಬೇಯಿಸಬೇಕು ಇಲ್ಲವೇ ಹುರಿಯಬೇಕು. ಇಷ್ಟು ಕಲಿಸಿಕೊಟ್ಟರೆ ಸ್ತ್ರೀಶಕ್ತಿ ಸಂಘಗಳು ಊರಲ್ಲೇ ಪುಟಾಣಿ-ಶೇಂಗಾ-ಸೋಯಾ ಪುಡಿ ಮಾಡಿ ಮಾರಬಲ್ಲವು. ಹಿಂಡಿ, ರೊಟ್ಟಿ ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳಿರುವ ಸೀಮೆ ಇದು, ಈ ಕೆಲಸಕ್ಕೆ ಇಲ್ಲಿಗಿಂತ ತಕ್ಕ ಜಾಗ ಬೇರೆ ಬೇಕೆ?

ಬಳಸುವ ಮೊದಲು ಕೆಲವು ಎಚ್ಚರಿಕೆಗಳು. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾವನ್ನು ಮಾತ್ರೆಯ ಜೊತೆ ತೆಗೆದುಕೊಳ್ಳಬಾರದು, ನಾಲ್ಕು ಗಂಟೆ ಅಂತರವಿರಲಿ. ಪೌಡರ್ ಶುರುಮಾಡುವವರು ಮೊದಲ ವಾರ ಅರ್ಧ ಅಳತೆ ಹಾಕಿ, ನೀರು ಹೆಚ್ಚು ಕುಡಿಯಲಿ. ಸಸ್ಯಾಹಾರಿ ಹಿರಿಯರು ಬಿ-12 ಮತ್ತು ಡಿ ಜೀವಸತ್ವವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕಾಲಿನ ನಿತ್ರಾಣಕ್ಕೆ ಅವುಗಳ ಕೊರತೆಯೂ ಕಾರಣವಾಗುತ್ತದೆ, ಅದಕ್ಕೆ ಪ್ರೊಟೀನ್ ಮದ್ದಲ್ಲ.

ಈ ಎಚ್ಚರಿಕೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೂತ್ರಪಿಂಡದ್ದು. ಸಕ್ಕರೆ ಕಾಯಿಲೆ, ಬಿ.ಪಿ. ಹಳೆಯದಾದವರಲ್ಲಿ ಅದು ಸದ್ದಿಲ್ಲದೆ ಸೋತಿರುತ್ತದೆ. ಅಂಥವರಿಗೆ ವೈದ್ಯರು ಪ್ರೊಟೀನ್ ಕಡಿಮೆ ಮಾಡಿ ಎಂದೇ ಹೇಳಿರಬಹುದು. ಅವರ ಕೈಗೆ ಪೌಡರ್ ಕೊಟ್ಟರೆ ಉಪಕಾರದ ಬದಲು ಅಪಕಾರ. ಹಾಗಾಗಿ ಹಬ್ಬಕ್ಕೆ ಊರಿಗೆ ಹೊರಟ ಮೊಮ್ಮಕ್ಕಳಲ್ಲಿ ಒಂದು ವಿನಂತಿ. ಡಬ್ಬಿ ಕೊಳ್ಳುವ ಮೊದಲು ಅಜ್ಜನನ್ನೋ ಅಜ್ಜಿಯನ್ನೋ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಫಲಿತಾಂಶ ಸರಿಯಿದ್ದು, ತಟ್ಟೆ ಸರಿಮಾಡಿದ ಮೇಲೂ ಕೊರತೆ ಉಳಿದರೆ ಆಗ ಸಾದಾ ಸೋಯಾ ಅಥವಾ ಬಟಾಣಿ-ಅಕ್ಕಿಯ ಒಂದು ಡಬ್ಬಿ ತನ್ನಿ.